ಶರದೃತುವಿನ ಸಸಿತೋಟ: ದಾಪೋಡಿಯಿಂದ ಉರುಳಿ ಕಾಂಚನದವರೆಗೆ

ಗಣಪತಿಯನ್ನು ಕಳಿಸಿ, ಪಿತೃಪಕ್ಷದ ಹದಿನೈದು ದಿನಗಳು ಕಳೆದುವೆಂದರೆ ಪುಣೆಯ ಮಳೆ ಗಂಟುಮೂಟೆ ಕಟ್ಟುತ್ತದೆ. ಹೊರಟ ಅತಿಥಿ ಹೊಸ್ತಿಲಲ್ಲಿ ನಿಂತು ಮತ್ತೆರಡು ಮಾತಾಡುವಂತೆ ಒಂದೆರಡು ಸಂಜೆ ಗುಡುಗಿ ಸುರಿದು, ಆಮೇಲೆ ನಾಪತ್ತೆ. ಮರುದಿನದಿಂದ ಚುರುಗುಟ್ಟುವ ಬಿಸಿಲು. ಇಲ್ಲಿಯವರು ಇದನ್ನು ‘ಆಕ್ಟೋಬರ್ ಹೀಟ್’ ಎಂದು ಇಂಗ್ಲಿಷಿನಲ್ಲೇ ಬೈಯುತ್ತಾರೆ. ನಮ್ಮ ಪಂಚಾಂಗವಾದರೋ ಶರದೃತು ಎಂಬ ತಂಪಾದ ಹೆಸರನ್ನು ಕೊಟ್ಟು ಸುಮ್ಮನಾಗುತ್ತದೆ. ಈ ಬಿಸಿಲಿನಲ್ಲಿಯೇ ಪುಣೆಯ ಸಸಿತೋಟಗಳಿಗೆ, ಎಂದರೆ ನಾವೆಲ್ಲ ನರ್ಸರಿ ಎನ್ನುವ ಜಾಗಗಳಿಗೆ, ವರ್ಷದ ಸುಗ್ಗಿ ಆರಂಭ.

ತಂದೆಯವರಿಗೆ ಖಡಕಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು ನಾವು ಧಾರವಾಡ ಬಿಟ್ಟು ಬಂದದ್ದು 1973ರ ದಸರೆಯ ರಜೆಯಲ್ಲಿ. ಟ್ರಂಕು, ಹಾಸಿಗೆ ಸುರುಳಿ, ಪಾತ್ರೆಯ ಚೀಲಗಳ ಜೊತೆಗೆ ತಾಯಿ ಒಂದು ಡಾಲ್ಡಾ ಡಬ್ಬಿಯಲ್ಲಿ ನಮ್ಮ ಅಂಗಳದ ತುಳಸಿಯನ್ನು ಹಿಡಿದುಕೊಂಡಿದ್ದಳು. ಆಗ ಪುಣೆ–ಮಿರಜ ದಾರಿ ಬ್ರಾಡ್‌ಗೇಜ್ ಆಗಿ ಎರಡೇ ವರ್ಷ. ಮಿರಜದ ಈಚೆಗೆ ಅಗಲ ಹಳಿ, ಆಚೆಗೆ ನಮ್ಮ ಕಡೆ ಹಳೆಯ ಮೀಟರ್‌ಗೇಜ್. ಮಿರಜದಲ್ಲಿ ಗಾಡಿ ಬದಲಿಸಲೇಬೇಕು. ಆ ಕಾಲದಲ್ಲಿ ಪುಣೆ, ಮುಂಬಯಿಗೆ ಬಂದ ಉತ್ತರ ಕರ್ನಾಟಕದ ಮನೆಗಳಲ್ಲಿ ‘ಮಿರಜದಾಗ ಏನೇನು ಕಳಕೊಂಡ್ವಿ’ ಎಂಬುದಕ್ಕೆ ಒಂದೊಂದು ಕಥೆಯಿದೆ. ನಮ್ಮ ಕಥೆ ತುಳಸಿಯದು. ಹಮಾಲನ ತಲೆಯ ಮೇಲಿನ ಟ್ರಂಕು ತಾಗಿ ಡಬ್ಬಿ ಉರುಳಿತು. ಗಿಡ ಬುಡಕ್ಕೇ ಮುರಿಯಿತು. ತಾಯಿ ಏನೂ ಅನ್ನಲಿಲ್ಲ. ಖಾಲಿ ಡಬ್ಬಿಯನ್ನು, ಉಳಿದ ಮಣ್ಣಿನ ಸಮೇತ, ಪುಣೆಯವರೆಗೆ ತಂದಳು.

ಹೀಗಾಗಿ ಪುಣೆಯಲ್ಲಿ ನಾವು ಮೊದಲು ನೋಡಿದ್ದು ಶನಿವಾರವಾಡೆಯನ್ನಲ್ಲ, ಪರ್ವತಿಯನ್ನೂ ಅಲ್ಲ. ಖಡಕಿಯಿಂದ ಹ್ಯಾರಿಸ್ ಸೇತುವೆ ದಾಟಿದರೆ ದಾಪೋಡಿಯ ಕಡೆಗೆ ರಸ್ತೆಯ ಪಕ್ಕದಲ್ಲಿದ್ದ ಒಂದು ಸಣ್ಣ ನರ್ಸರಿಯನ್ನು. ತಂತಿಯ ಬೇಲಿ, ಮೇಲೆ ಗೋಣಿತಟ್ಟಿನ ನೆರಳು, ಸಾಲಾಗಿ ಇಟ್ಟ ಸೀಮೆಎಣ್ಣೆಯ ಡಬ್ಬಗಳು, ಮೂಲೆಯಲ್ಲಿ ಗೊಬ್ಬರದ ಗುಂಡಿ. ತಾಯಿಗೆ ಮರಾಠಿ ಬಾರದು, ಹಿಂದಿಯಂತೂ ದೂರದ ಮಾತು. ‘ತುಳಸಿ’ ಎಂದರೆ ಯಾರಿಗಾದರೂ ತಿಳಿದೀತು ಎಂಬ ಧೈರ್ಯದ ಮೇಲೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಗಿಡಗಳಿಗೆ ನೀರು ಹಾಕುತ್ತಿದ್ದ ಹೆಂಗಸು ತನ್ನ ಮಗುವನ್ನು ಗದರುತ್ತಿದ್ದಳು: “ಏ, ಬಿಸಲಾಗ ನಿಂದರಬ್ಯಾಡೋ, ಈ ಕಡೆ ಬಾ!”

“ಕನ್ನಡದವ್ರೇನವಾ ನೀವು?” ಎಂದು ತಾಯಿ ಕೂಗಿದ ದನಿ ನನಗಿನ್ನೂ ನೆನಪಿದೆ.

“ಹೌದ್ರೀ ಯಕ್ಕಾ. ಇಂಡಿ ತಾಲೂಕಿನವ್ರು ನಾವು. ಬರಗಾಲಕ್ಕ ಬಂದೀವ್ರಿ.”

1972ರ ಬರ ಮಹಾರಾಷ್ಟ್ರವನ್ನೂ ನಮ್ಮ ವಿಜಾಪುರ, ಗುಲಬರ್ಗಾ ಕಡೆಯನ್ನೂ ಒಟ್ಟಿಗೇ ಸುಟ್ಟಿತ್ತೆಂಬುದು ಹಿರಿಯ ಓದುಗರಿಗೆ ಗೊತ್ತು. ಊರು ಬಿಟ್ಟವರಲ್ಲಿ ಅನೇಕರು ಸೋಲಾಪುರದ ದಾರಿ ಹಿಡಿದು ಪುಣೆ ಸೇರಿದರು. ಅಂದು ಆ ಹೆಂಗಸು ಒಂದು ಕೃಷ್ಣತುಳಸಿಯನ್ನು ಧಾರವಾಡದ ಮಣ್ಣಿದ್ದ ಆ ಡಬ್ಬಿಯಲ್ಲೇ ನೆಟ್ಟುಕೊಟ್ಟಳು. ಹಣ ಮಾಲೀಕನಿಗೆ, ಮಾತು ನಮಗೆ.

ಆ ನರ್ಸರಿ ನಿಂತಿದ್ದ ಊರಿಗೆ ಎಂಥ ಚರಿತ್ರೆ ಇತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ದಾಪೋಡಿಯನ್ನು ಇಂಗ್ಲಿಷರು ದಾಪುರಿ ಎಂದು ಬರೆಯುತ್ತಿದ್ದರು. ಪೇಶ್ವೆಯ ಆಳ್ವಿಕೆ ಮುಗಿದು ಹತ್ತು ವರ್ಷವಾಗಿತ್ತು. ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ 1828ರಲ್ಲಿ ದಾಪುರಿಯಲ್ಲಿ ತನ್ನ ಬಂಗಲೆಯ ಜೊತೆಗೇ ಸರಕಾರಿ ಸಸ್ಯೋದ್ಯಾನವೊಂದನ್ನು ಹಾಕಿಸಿದ. ಹೆಸರಿಗೆ ಉದ್ಯಾನ, ಕೆಲಸದಲ್ಲಿ ಅದು ದೊಡ್ಡದೊಂದು ನರ್ಸರಿಯೇ. ಹೊರದೇಶಗಳಿಂದ ಬಂದ ಸಸಿ, ಬೀಜಗಳನ್ನು ಇಲ್ಲಿಯ ಮಣ್ಣಿಗೆ ಒಗ್ಗಿಸುವುದು, ಔಷಧಿಯ ಗಿಡಗಳನ್ನು ಬೆಳೆಸುವುದು, ಬೇಕಾದವರಿಗೆ ಹಂಚುವುದು ಅದರ ಉದ್ದೇಶ.

1838ರಿಂದ ಈ ತೋಟವನ್ನು ನೋಡಿಕೊಂಡವನು ಅಲೆಕ್ಸಾಂಡರ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಇವನು ಗಿಡಗಳ ಚಿತ್ರ ಬರೆಯಲು ಒಬ್ಬ ಭಾರತೀಯ ಕಲಾವಿದನನ್ನು ಇಟ್ಟುಕೊಂಡಿದ್ದ. 1840ರ ದಶಕದ ಕೊನೆಯಲ್ಲಿ ದಾಪೋಡಿಯಲ್ಲಿ ಕುಳಿತು ಆ ಕಲಾವಿದ ಬರೆದ ನೂರೆಪ್ಪತ್ತರಷ್ಟು ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. 2002ರಲ್ಲಿ ಅವುಗಳ ಮೇಲೆ ಹೆನ್ರಿ ನೋಲ್ಟಿ ಎಂಬ ವಿದ್ವಾಂಸರ ಪುಸ್ತಕವೂ ಬಂದಿದೆ. ಬರೆಸಿದವನ ಹೆಸರು ಪುಸ್ತಕದ ಮೇಲಿದೆ, ಬರೆದವನ ಹೆಸರು ಚಿತ್ರಗಳ ಮೇಲಿಲ್ಲ.

ಕನ್ನಡಿಗರಾದ ನಮಗೆ ಗಿಬ್ಸನ್ ಇನ್ನೊಂದು ಕಾರಣಕ್ಕೂ ಮುಖ್ಯ. 1847ರಲ್ಲಿ ಅವನು ಮುಂಬಯಿ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದ. ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದವು. ಹೀಗೆ ನಮ್ಮ ಮಲೆನಾಡಿನ ಅಂಚಿನ ಸಾಗುವಾನಿಯ ಲೆಕ್ಕ ದಾಪೋಡಿಯ ತೋಟದ ಮೇಜಿಗೆ ಬಂತು. ಕಾಡು ಕಡಿದರೆ ತೊರೆಗಳು ಬತ್ತುತ್ತವೆ ಎಂದು ಅಷ್ಟು ಹಿಂದೆಯೇ ಅವನು ಸರಕಾರಕ್ಕೆ ಬರೆದ. ಅದು ಅವನ ದೊಡ್ಡತನ. ಆದರೆ ಕಾಡಿನ ಅಂಚಿನ ಬಡಜನರ ಕುಮರಿ ಬೇಸಾಯಕ್ಕೆ ಅವನು ಬದ್ಧ ವಿರೋಧಿ. ಹಡಗು ಕಟ್ಟಲು ಮರ ಕಡಿದವರ ತಪ್ಪಿಗಿಂತ ರಾಗಿ ಬಿತ್ತಲು ಪೊದೆ ಸುಟ್ಟವರ ತಪ್ಪು ದೊಡ್ಡದಾಗಿ ಕಂಡದ್ದು ಆ ಕಾಲದ ಅಧಿಕಾರಿಗಳ ಕಣ್ಣಿನ ದೋಷವೆಂದೇ ನನ್ನ ಎಣಿಕೆ. ನಿವೃತ್ತನಾದ ಮೇಲೆ 1861ರಲ್ಲಿ ಡಾಲ್ಜೆಲ್ ಎಂಬವನೊಂದಿಗೆ ಅವನು ಪ್ರಕಟಿಸಿದ ‘ಬಾಂಬೆ ಫ್ಲೋರಾ’ ನಮ್ಮ ಘಟ್ಟದ ಗಿಡಗಳ ಮೊದಲ ಲೆಕ್ಕಪುಸ್ತಕಗಳಲ್ಲಿ ಒಂದು.

1860ರ ದಶಕದಲ್ಲಿ ಗವರ್ನರರ ವಾಸ ದಾಪುರಿಯಿಂದ ಗಣೇಶಖಿಂಡಿಗೆ ಬದಲಾಯಿತು. ಬಂಗಲೆಯ ಹಿಂದೆಯೇ ತೋಟವೂ ಹೋಯಿತು. 1873ರಲ್ಲಿ ಗಣೇಶಖಿಂಡ ಸಸ್ಯೋದ್ಯಾನ ಆರಂಭವಾಯಿತು. ಅದರ ಮೇಲ್ವಿಚಾರಕನಾಗಿದ್ದ ಜಾರ್ಜ್ ಮಾರ್ಷಲ್ ವುಡ್ರೋ ಮಾವಿನ ತಳಿಗಳ ಹುಚ್ಚ; ನಾನಾ ಕಡೆಯ ಮಾವುಗಳನ್ನು ತರಿಸಿ ಇಲ್ಲಿ ನೆಡಿಸಿದ. ಗವರ್ನರರ ಬಂಗಲೆ 1949ರಲ್ಲಿ ಪುಣೆ ವಿಶ್ವವಿದ್ಯಾಲಯವಾಯಿತು. ತೋಟ ಮುಂದೆ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಪಾಲಿಗೆ ಬಂತು. 2020ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ಜೈವವೈವಿಧ್ಯ ಪರಂಪರೆಯ ತಾಣವೆಂದು ಸಾರಿದೆ.

ಗಣೇಶಖಿಂಡಿನ ಹಣ್ಣಿನ ಸಂಶೋಧನಾ ಕೇಂದ್ರದ ಒಂದು ಕೊಡುಗೆ ನಮ್ಮೆಲ್ಲರ ಮನೆಯಲ್ಲಿದೆ. ಲಖನೌದಿಂದ ತಂದ ಬೀಜಗಳಿಂದ ಎದ್ದ ಪೇರಲ ಸಸಿಗಳಲ್ಲಿ ನಲ್ವತ್ತೊಂಬತ್ತನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು. 1920ರ ದಶಕದಲ್ಲಿ ಡಾಕ್ಟರ್ ಜಿ. ಎಸ್. ಚೀಮಾ ಅವರು ಅದನ್ನು ಆರಿಸಿ ‘ಲಖನೌ 49’ ಎಂದು ಕರೆದರು. ಮುಂದೆ ಅದಕ್ಕೇ ‘ಸರದಾರ’ ಎಂಬ ಹೆಸರು ಬಂತು. ದಕ್ಷಿಣದ ಬಂಧುಗಳು ಇದನ್ನು ಸೀಬೆ ಎನ್ನುತ್ತಾರೆ. ನಮ್ಮ ಸೋದರಮಾವ ಧಾರವಾಡದ ಹಿತ್ತಲಲ್ಲಿ ನೆಟ್ಟು, “ಇದು ನಮ್ಮ ಧಾರವಾಡದ ನೆಲದ ರುಚಿ, ನಿಮ್ಮ ಪುಣೆದಾಗ ಎಲ್ಲಿ ಸಿಗಬೇಕು?” ಎಂದು ನನಗೆ ತಿನ್ನಿಸುತ್ತಿದ್ದ ಹಣ್ಣು ಈ ಸರದಾರನೇ. ಲಖನೌದ ಬೀಜ, ಪುಣೆಯ ಆಯ್ಕೆ, ಧಾರವಾಡದ ಅಭಿಮಾನ. ಮಾವನಿಗೆ ಇದನ್ನು ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಸಸಿಗಳು ಹೀಗೆ ಓಡಾಡಿದ ದಾರಿಯಲ್ಲೇ ಹುಡುಗರೂ ಓಡಾಡಿದರು. ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಕೃಷಿಯ ತರಗತಿ ಶುರುವಾದದ್ದು 1879ರಲ್ಲಿ. ಪ್ರತ್ಯೇಕ ಕೃಷಿ ಕಾಲೇಜು ಆದದ್ದು 1907ರಲ್ಲಿ. ಧಾರವಾಡಕ್ಕೆ ಕೃಷಿ ಕಾಲೇಜು ಬಂದದ್ದು 1947ರಲ್ಲಿ. ಅಲ್ಲಿಯ ತನಕ ಮುಂಬಯಿ ಪ್ರಾಂತದ ನಾಲ್ಕು ಕನ್ನಡ ಜಿಲ್ಲೆಗಳ ಹುಡುಗರಿಗೆ ಕೃಷಿ ಪದವಿ ಬೇಕೆಂದರೆ ಪುಣೆಯ ದಾರಿಯೇ. 1890ರಲ್ಲಿ ಪುಣೆ–ಲೋಂಡಾ ರೈಲು ಪೂರ್ತಿಯಾದ ಮೇಲೆ ಆ ದಾರಿ ಸುಲಭವೂ ಆಯಿತು. ನಮ್ಮ ಕಡೆಯ ಹಳೆಯ ತೋಟಗಾರಿಕೆ, ಬೇಸಾಯದ ಅಧಿಕಾರಿಗಳು ಕಸಿ ಕಟ್ಟುವುದನ್ನು, ಗೂಟಿ ಹಾಕುವುದನ್ನು ಕಲಿತದ್ದು ಈ ಊರಿನ ಮಣ್ಣಿನಲ್ಲಿ. 1956ರ ನವೆಂಬರ್ ಒಂದರಂದು ಗಡಿ ಬದಲಾದಾಗ ಮನುಷ್ಯರು ಎರಡು ರಾಜ್ಯಗಳವರಾದರು. ಮಾವಿನ ಕಸಿ ಕೊಂಬೆಗೆ ಅಂಥ ತಾಪತ್ರಯವಿಲ್ಲ.

ಎಂಪ್ರೆಸ್ ಗಾರ್ಡನ್ನಿನ ಮಾತು ಹೇಳದಿದ್ದರೆ ಪುಣೆಯ ಓದುಗರು ನನ್ನನ್ನು ಬಿಡರು. ರೇಸ್ ಕೋರ್ಸಿನ ಬಳಿಯ ಈ 39 ಎಕರೆಯ ತೋಟ ಮೊದಲು ದಂಡಿನ ಸಿಪಾಯಿಗಳ ವಿಹಾರದ ಜಾಗ. ವಿಕ್ಟೋರಿಯಾ ರಾಣಿ ಹಿಂದೂಸ್ಥಾನದ ಸಾಮ್ರಾಜ್ಞಿ ಎನಿಸಿಕೊಂಡ ಮೇಲೆ ಈ ಹೆಸರು ಬಂತು. ನಡೆಸುವವರು 1830ರಲ್ಲಿ ಹುಟ್ಟಿದ ಪಶ್ಚಿಮ ಭಾರತದ ಕೃಷಿ–ತೋಟಗಾರಿಕೆ ಸಂಘದವರು. ಒಂದು ಮರದಿಂದ ಇನ್ನೊಂದಕ್ಕೆ ಹಗ್ಗದಂತೆ ಹಬ್ಬಿದ ಗಾರ್ದಾಲದ ದೈತ್ಯ ಬಳ್ಳಿಯನ್ನು ನೋಡದ ಪುಣೆಯ ಮಕ್ಕಳಿಲ್ಲ. ಒಳಗೆ ನರ್ಸರಿಯಿದೆ. ಜನವರಿಯ ಕೊನೆಗೆ ಫಲಪುಷ್ಪ ಪ್ರದರ್ಶನ. ಬೆಂಗಳೂರಿನ ಕಡೆಯಿಂದ ಬಂದವರು ಲಾಲ್‌ಬಾಗಿನೊಂದಿಗೆ ಹೋಲಿಸಿ ಮೂಗು ಮುರಿಯುತ್ತಾರೆ. ಹೈದರಾಲಿ 1760ರಲ್ಲಿ ಹಾಕಿಸಿದ, ಗಾಜಿನಮನೆಯುಳ್ಳ ತೋಟದ ಮುಂದೆ ಇದು ಚಿಕ್ಕದು ನಿಜ. ಆದರೆ ಲಾಲ್‌ಬಾಗಿನಲ್ಲಿ ನಾವು ನೋಡಿ ಬರುತ್ತೇವೆ. ಇಲ್ಲಿ ನಮ್ಮ ಮನೆಯ ಹೆಂಗಸರು ಕುಂಡ ಹೊತ್ತು ಸ್ಪರ್ಧೆಗೆ ಹೋಗಿದ್ದಾರೆ.

ಆ ಜನವರಿಯ ಪ್ರದರ್ಶನದ ಸಿದ್ಧತೆ ನಡೆಯುವುದೆಲ್ಲ ಆಶ್ವಯುಜ, ಕಾರ್ತಿಕಗಳಲ್ಲಿಯೇ. ದಾಪೋಡಿಯ ಆ ನರ್ಸರಿಯಲ್ಲಿ ನಾನು ಕಂಡಂತೆ ಮೊದಲ ಕೆಲಸ ಮಣ್ಣಿನದು. ಪುಣೆಯ ಕರಿಮಣ್ಣು ನಮ್ಮ ಎರೆಯಂತೆಯೇ. ಮಳೆಯಲ್ಲಿ ಅಂಟು, ಬಿಸಿಲಿಗೆ ಬಿರುಕು. ಕುಂಡದಲ್ಲಿ ತುಂಬಿದರೆ ಬೇರಿಗೆ ಉಸಿರಿಲ್ಲ. ಆದ್ದರಿಂದ ಕೆಂಪು ಮಣ್ಣು, ಇವರು ‘ಪೋಯಟಾ’ ಎನ್ನುವ ಮೆಕ್ಕಲು ಮಣ್ಣು, ಹಳೆಯ ಸಗಣಿ ಗೊಬ್ಬರ, ಒಂದಿಷ್ಟು ಮರಳು ಎಲ್ಲವನ್ನೂ ಜರಡಿ ಹಿಡಿದು ಕಲಸಬೇಕು. ಆಮೇಲೆ ಗುಲಾಬಿಗೆ ಕತ್ತರಿ. ಮಳೆ ನಿಂತ ಮೇಲೆ ಹಳೆಯ ಕೊಂಬೆ ಸವರಿ, ಬುಡ ಬಿಡಿಸಿ, ಬಿಸಿಲು ತೋರಿಸಿ, ಗೊಬ್ಬರ ಹಾಕಿದರೆ ಆರೇಳು ವಾರಗಳಲ್ಲಿ ಹೂ. ಚಳಿಗಾಲದ ಹೂಗಳ ಬೀಜ ಬಿತ್ತುವುದೂ ಈಗಲೇ. 1884ರಿಂದ ಪುಣೆಯಲ್ಲಿರುವ ಪೋಚಾ ಅವರ ಬೀಜದ ಪಟ್ಟಿಯನ್ನು ಮಾಲೀಕ ಪಂಚಾಂಗದಂತೆ ಗೂಡಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಇಂಡಿಯ ಅಕ್ಕನಿಗೆ ಓದು ಬಾರದು. ಪೊಟ್ಟಣದ ಮೇಲಿನ ಚಿತ್ರ ನೋಡಿ ಯಾವುದನ್ನು ಎಷ್ಟು ಆಳಕ್ಕೆ ಬಿತ್ತಬೇಕೆಂದು ಹೇಳುತ್ತಿದ್ದಳು.

ಸೇವಂತಿಗೆಯ ವಿಷಯದಲ್ಲಿ ಅವಳು ನನಗೆ ಕಲಿಸಿದ ಪಾಠ ಯಾವ ಶಾಲೆಯಲ್ಲೂ ಸಿಗಲಿಲ್ಲ. ಒಂದು ವರ್ಷ ನಮ್ಮ ವರಾಂಡದ ಎರಡು ಕುಂಡಗಳಲ್ಲಿ ಒಂದು ದೀಪಾವಳಿಯ ನಂತರ ಮೊಗ್ಗುಗಟ್ಟಿತು. ಇನ್ನೊಂದು ಹಸಿರಾಗಿ ಬೆಳೆಯುತ್ತಲೇ ಹೋಯಿತು. ಗೊಬ್ಬರ ಸಾಲದೇನೋ ಎಂದು ತಾಯಿ ಹೋಗಿ ಕೇಳಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅದರ ಮ್ಯಾಲ ದೀಪ ಐತೇನ್ರೀ?” ಇತ್ತು; ತಂದೆಯವರ ರಾತ್ರಿಪಾಳಿಗಾಗಿ ಬಾಗಿಲ ಬಲ್ಬು ಬೆಳತನಕ ಉರಿಯುತ್ತಿತ್ತು. “ಅದಕ್ಕ ನಿದ್ದಿ ಬ್ಯಾಡೇನ್ರೀ ಯಕ್ಕಾ? ಕತ್ತಲಾದರೇ ಹೂ ಬಿಡೋದು.” ಕುಂಡವನ್ನು ಹಿತ್ತಲ ಕತ್ತಲೆಗೆ ಸರಿಸಿದೆವು, ತಡವಾಗಿ ಬಿಟ್ಟಿತು. ಇರುಳು ಉದ್ದವಾಗದೆ ಕೆಲವು ಸಸ್ಯಗಳು ಹೂ ಬಿಡುವುದಿಲ್ಲವೆಂದು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ, ಮುಖ್ಯವಾಗಿ ತಂಬಾಕಿನ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದರು. ಸೇವಂತಿಗೆ ಶರತ್ಕಾಲದಲ್ಲೇ ಅರಳುವ ಗುಟ್ಟು ಅದೇ. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ನೆನಪಾದದ್ದು ನೀರಿನ ಝಾರಿ ಹಿಡಿದ ಅವಳ ಕೈ.

ನವರಾತ್ರಿಯ ಗದ್ದಲದಲ್ಲಿ ನರ್ಸರಿ ಒಂದು ಸಣ್ಣ ಕನ್ನಡ ಸಂಘವೇ ಆಗುತ್ತಿತ್ತು. ಘಟ್ಟದ ಕೆಳಗಿನ ಹೋಟೆಲಿನವರು ಮಲ್ಲಿಗೆ ಕೇಳುವರು. ಊರಿನಿಂದ ತಂದ ಶಂಕರಪುರದ ಮಲ್ಲಿಗೆ ಪುಣೆಯ ಒಣಹವೆಗೆ ಬದುಕಿತು, ಆದರೆ ಉಡುಪಿಯಲ್ಲಿ ಮೊಳದ ಲೆಕ್ಕದಲ್ಲಿ ಬಿಡುವ ಹೂವನ್ನು ಇಲ್ಲಿ ಬೆರಳಿನಲ್ಲಿ ಎಣಿಸಬೇಕು ಎಂದು ಅವರ ಗೋಳು. ಮೈಸೂರಿನವರು ಬೊಂಬೆಯ ಹಂತದ ಪಕ್ಕಕ್ಕಿಡಲು ಚಿಕ್ಕ ಕುಂಡ ಹುಡುಕುವರು. ಚೆಂಡುಹೂವಂತೂ ಎಲ್ಲರಿಗೂ ಬೇಕು. ಮರಾಠಿಯ ಝೆಂಡು, ನಮ್ಮ ಚೆಂಡು. ಇವೆರಡಕ್ಕೂ ಮೂಲ ಊರು ಅಮೆರಿಕ ಖಂಡದ ಮೆಕ್ಸಿಕೋ. ಕೆಲವೇ ನೂರು ವರ್ಷಗಳ ಹಿಂದೆ ಬಂದ ಪರದೇಶಿ ಹೂವಿಲ್ಲದೆ ಇಂದು ನಮ್ಮ ಆಯುಧಪೂಜೆ ನಡೆಯದು.

ಬನ್ನಿಯ ಬಗ್ಗೆ ಪ್ರತಿ ವರ್ಷವೂ ಜಗಳ. ಇಲ್ಲಿ ‘ಸೋನೆ’ ಎಂದು ಹಂಚುವ ಆಪಟೆಯ ಎಲೆ ಎರಡು ಹೋಳಾಗಿ, ಮಂದಾರದ ಎಲೆಯಂತೆ ಇರುತ್ತದೆ. ಪಾಂಡವರು ಆಯುಧ ಇಟ್ಟ ಶಮೀವೃಕ್ಷವಾದರೋ ಸಣ್ಣೆಲೆಯ ಮುಳ್ಳಿನ ಮರ. “ಇದು ಬನ್ನಿ ಅಲ್ಲವೇ ಅಲ್ಲ” ಎಂದು ಮೈಸೂರಿನವರು. ಬೆಳಗಾವಿ, ಧಾರವಾಡದ ಕಡೆ ಅನೇಕ ಊರುಗಳಲ್ಲಿ ನಾವು ಬನ್ನಿ ಎಂದು ಕೈಗೆ ಕೊಡುವುದು ಈ ಆಪಟೆಯನ್ನೇ. ಎರಡೂ ಬೇಳೆಕಾಳಿನ ಕುಲದ ಮರಗಳೆಂದು ಸಸ್ಯಶಾಸ್ತ್ರದವರು ರಾಜಿ ಮಾಡಿಸುತ್ತಾರೆ. ಇಂಡಿಯ ಅಕ್ಕ ಎರಡರ ಒಂದೊಂದು ಸಸಿಯನ್ನು ಡಬ್ಬದಲ್ಲಿ ಬೆಳೆಸಿದ್ದಳು: “ಯಾರಿಗೆ ಯಾವುದು ಬೇಕೋ ಅದನ್ನ ಒಯ್ಯಿರಿ.”

ಈಗ ಹೇಳಬೇಕಾದ, ಆದರೆ ಹೇಳಲು ಸಂಕೋಚವಾಗುವ ಮಾತು. 1978ರ ರಾಜ್ಯೋತ್ಸವಕ್ಕೆ ನಮ್ಮ ಭಾಗದ ಕನ್ನಡ ಮನೆಗಳೆಲ್ಲ ಸೇರಿ ಬಾಡಿಗೆಯ ಸಭಾಗೃಹದಲ್ಲಿ ಕಾರ್ಯಕ್ರಮ ಇಟ್ಟುಕೊಂಡೆವು. ವೇದಿಕೆಗೆ ಹೂಕುಂಡಗಳು ಆ ನರ್ಸರಿಯಿಂದ ಬಂದವು. ಅವನ್ನು ಕೈಗಾಡಿಯಲ್ಲಿ ತಂದು ಒಂದೊಂದಾಗಿ ಜೋಡಿಸಿದವಳು ಅವಳೇ. ಒಳಗೆ ಆರತಿಯ ತಟ್ಟೆ, ಅತಿಥಿಗಳಿಗೆ ಗುಲಾಬಿ ನೀರು. ಕನ್ನಡದ ಹಾಡು ಆರಂಭವಾದಾಗ ಅವಳು ಹಿಂಬಾಗಿಲ ಬಳಿ, ಮಗನನ್ನು ಮುಂದೆ ನಿಲ್ಲಿಸಿಕೊಂಡು ಕೇಳುತ್ತಿದ್ದಳು. ಸ್ವಯಂಸೇವಕನ ಬಿಲ್ಲೆ ಧರಿಸಿದ್ದ ನಾನು, ಹೊರಗಿನವರು ಬಾಗಿಲಲ್ಲಿ ನಿಲ್ಲಬಾರದೆಂಬ ಅಪ್ಪಣೆಯಂತೆ, ಅವಳನ್ನು ಸರಿಯಲು ಹೇಳಿದೆ. ಹೇಳಿದ್ದು ಮರಾಠಿಯಲ್ಲಿ! ಅವಳು “ಆಯ್ತ್ರೀ ತಮ್ಮಾ” ಎಂದು ಕನ್ನಡದಲ್ಲಿ ಉತ್ತರಿಸಿ ಇಳಿದುಹೋದಳು.

ಮನೆಗೆ ಬಂದು ಹೇಳಿದಾಗ ತಾಯಿ ನನಗೆ ಊಟ ಬಡಿಸಿದಳು, ಮಾತಾಡಲಿಲ್ಲ. ಮರುದಿನ ಮುಂಜಾನೆ ಹೋಳಿಗೆಯ ಡಬ್ಬಿ ಹಿಡಿಸಿ ನನ್ನನ್ನೇ ಕಳಿಸಿದಳು. ಅಕ್ಕ ಸಿಟ್ಟಾಗಿರಲಿಲ್ಲ. ತುಳಸಿ ಲಗ್ನಕ್ಕೆ ಕಾಯಿ ಇರುವ ನೆಲ್ಲಿಯ ಟೊಂಗೆ ಬೇಕಲ್ಲ, ಇಲ್ಲಿಯವರು ಕಬ್ಬು ನಿಲ್ಲಿಸುತ್ತಾರೆ, ನಮಗೆ ನೆಲ್ಲಿ ಇರದಿದ್ದರೆ ಹ್ಯಾಂಗ, ಎಂದು ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಡಬ್ಬಿ ಖಾಲಿ ಮರಳಿಸಬಾರದೆಂದು ಅದರ ತುಂಬ ನೆಲ್ಲಿಕಾಯಿ ಹಾಕಿಕೊಟ್ಟಳು. ಆ ವರ್ಷದಿಂದ ತಾಯಿ ಹಬ್ಬದ ಕಾರ್ಯಕ್ರಮಗಳಿಗೆ ಅವಳನ್ನು ಜೊತೆಗೇ ಕರೆದುಕೊಂಡು ಹೋಗಿ, ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳತೊಡಗಿದಳು. ಕೆಲವರು ತಿರುಗಿ ನೋಡಿದರು, ತಾಯಿ ನೋಡಲಿಲ್ಲ.

ದಾಪೋಡಿಯ ಆ ಜಾಗದಲ್ಲಿ ಈಗ ಅಂಗಡಿಗಳ ಸಾಲು. ನೆಲದ ಬೆಲೆ ಏರಿದಂತೆ ನರ್ಸರಿಗಳು ಊರ ಹೊರಗೆ ಸರಿದಿವೆ. ಸೋಲಾಪುರ ರಸ್ತೆಯಲ್ಲಿ ಹಡಪಸರ ದಾಟಿ, ಸೋರತಾಪವಾಡಿ, ಉರುಳಿ ಕಾಂಚನದ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಹಸಿರು ಬಲೆಯ ನೆರಳು, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲುಸಾಲು ಸಸಿ. 1946ರಲ್ಲಿ ಗಾಂಧೀಜಿ ನಿಸರ್ಗೋಪಚಾರಕ್ಕೆ ಆರಿಸಿಕೊಂಡ ಊರು ಇದೇ ಉರುಳಿ ಕಾಂಚನ. ಅದೇ ರಸ್ತೆ ಮುಂದೆ ಸೋಲಾಪುರಕ್ಕೆ, ಅಲ್ಲಿಂದ ನಮ್ಮ ವಿಜಯಪುರ, ಕಲಬುರಗಿಗಳಿಗೆ ಹೋಗುತ್ತದೆ. ಕಳೆದ ಆಶ್ವಯುಜದಲ್ಲಿ ಗುಲಾಬಿ ತರಲು ಹೋದಾಗ ಕರ್ನಾಟಕದ ನಂಬರಿನ ಟೆಂಪೋ ಒಂದಕ್ಕೆ ಪೇರಲ ಸಸಿ ಹೇರುತ್ತಿದ್ದರು. ಎಣಿಸುತ್ತಿದ್ದ ಹುಡುಗ ಇಪ್ಪತ್ತರವರೆಗೆ ಮರಾಠಿಯಲ್ಲಿ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಕನ್ನಡದಲ್ಲಿ ಎಣಿಸಿದ. ಈ ಸಲ ನಾನು ಕನ್ನಡದಲ್ಲೇ ಮಾತಾಡಿಸಿದೆ. ಅಫಜಲಪುರದವನಂತೆ.

ತಾಯಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಡಾಲ್ಡಾ ಡಬ್ಬಿ ಅದಕ್ಕೂ ಮೊದಲೇ ತುಕ್ಕು ಹಿಡಿದು ಹೋಗಿತ್ತು. ಮಣ್ಣನ್ನು ಮಾತ್ರ ಒಂದು ಕುಂಡದಿಂದ ಇನ್ನೊಂದಕ್ಕೆ ಸುರಿಯುತ್ತ ಬಂದಿದ್ದೇವೆ. ಇಂಡಿಯ ಅಕ್ಕ ನೆಟ್ಟ ಕೃಷ್ಣತುಳಸಿಯ ಬೀಜದಿಂದ ಬೀಜಕ್ಕೆ ಇಳಿದ ಗಿಡ ಈಗ ನಮ್ಮ ಬಾಲ್ಕನಿಯಲ್ಲಿದೆ. ತೆನೆ ಒಣಗಿದೆ, ಬೀಜ ಚೆನ್ನಾಗಿ ಕಟ್ಟಿದೆ. ಬೇಕಾದವರು ಸಂಘದ ಮುಂದಿನ ಸಭೆಗೆ ಬರುವಾಗ ಒಂದು ಚೀಟಿ ಕಾಗದ ತನ್ನಿರಿ, ಕಟ್ಟಿಕೊಡುತ್ತೇನೆ.